ಬಡವರ ಮನೆಯ ಚಿತ್ರಕಾರ

ವಿಜಯಪುರವನ್ನು ಆದಿಲಶಾಹಿ ಸುಲ್ತಾನರು ಆಳುತ್ತಿದ್ದ ಕಾಲದಲ್ಲಿ ದೂರದ ಹಾಲೆಂಡ್ ದೇಶದ ಚಿತ್ರಕಾರನೊಬ್ಬನು ಈ ನಾಡಿಗೆ ಬಂದು ನೆಲೆಸಿದ್ದನು. ಹಾರ್ಲೆಮ್ ಎಂಬ ಪಟ್ಟಣಕ್ಕೆ ಸೇರಿದ ಆತನ ಹೆಸರು ಕಾರ್ನೆಲಿಸ್ ಹೆಡಾ. 17ನೆಯ ಶತಮಾನದ ಆರಂಭದಲ್ಲಿ, ಸಂಗೀತಪ್ರೇಮಿಯೂ ಕಲಾಭಿಮಾನಿಯೂ ಆಗಿದ್ದ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನದಲ್ಲಿ ಆತನು ಆಶ್ರಯ ಪಡೆದಿದ್ದನು. ಅಂದಿನ ಆಸ್ಥಾನ ಚಿತ್ರಕಾರರು, ಅವರು ಪರದೇಶದವರಾಗಿರಲಿ, ಈ ನೆಲದವರೇ ಆಗಿರಲಿ, ಅರಸನ ಇಷ್ಟವನ್ನು ಅರಿತು ಚಿತ್ರ ಬರೆಯುತ್ತಿದ್ದರು. ಅರಸರು, ಸರದಾರರು, ಆನೆಕುದುರೆಗಳು, ಸಾಧುಸಂತರು ಅವರ ಕುಂಚಕ್ಕೆ ವಸ್ತುಗಳಾದರು.

ಆ ಅರಮನೆಗಳಿಂದ ಎರಡು ಮೂರು ದಿನಗಳ ಬಂಡಿಯ ದಾರಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹಳ್ಳಿಗಳಿದ್ದವು. ಈ ಸೀಮೆಯ ಹಳೆಯ ಮಾಳಿಗೆಮನೆಯ ಒಳಹೊಕ್ಕು ನೋಡಿದವರಿಗೆ ಒಂದು ನೋಟ ಮರೆಯದು. ಮೇಲಿನ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿದು ನೆಲದ ಮೇಲೆ ಬಿದ್ದಿರುತ್ತದೆ. ತಾಯಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿರುತ್ತಾಳೆ. ಅಜ್ಜಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತ, ನಡುನಡುವೆ ಜಂತಿಗೆ ಕಟ್ಟಿದ ತೊಟ್ಟಿಲನ್ನು ತೂಗುತ್ತಾಳೆ. ನಡೆಯಲು ಕಲಿತ ಮಗುವೊಂದು ಬಿಸಿಲ ಕೋಲನ್ನು ಹಿಡಿಯಲು ಕೈಚಾಚುತ್ತದೆ. ಇಂತಹ ನೋಟವನ್ನು ಕಾಗದದ ಮೇಲೆ ಇಳಿಸಬೇಕೆಂದು ಆಸ್ಥಾನದ ಯಾವ ಚಿತ್ರಕಾರನಿಗೂ ಅನಿಸಲಿಲ್ಲ. ಅದು ಎಲ್ಲರ ಮನೆಯಲ್ಲಿಯೂ ನಿತ್ಯ ನಡೆಯುವ ಸಂಗತಿಯಾಗಿತ್ತು.

ಹೆಡಾನ ಕಾಲದಿಂದ ಎರಡು ಶತಮಾನಗಳ ತರುವಾಯ ಅದೇ ಹಾಲೆಂಡಿನಲ್ಲಿ ಇನ್ನೊಬ್ಬ ಚಿತ್ರಕಾರನು ಹುಟ್ಟಿದನು. ಆತನೂ ಮೊದಲು ರಾಜರ ಮತ್ತು ವೀರರ ಚಿತ್ರಗಳನ್ನು ಬರೆದು ಹೆಸರು ಗಳಿಸಲು ಹೊರಟವನೇ. ಆದರೆ ನಡುದಾರಿಯಲ್ಲಿ ಆ ಹಾದಿಯನ್ನು ಬಿಟ್ಟು, ಬಡ ಮೀನುಗಾರರ ಗುಡಿಸಲುಗಳಲ್ಲಿ ತಾಯಿ, ತೊಟ್ಟಿಲು, ಮಕ್ಕಳಾಟ ಇವನ್ನೇ ತನ್ನ ಕಲೆಯ ವಸ್ತುವನ್ನಾಗಿ ಮಾಡಿಕೊಂಡನು. ಆತನ ಹೆಸರು ಯೋಸೆಫ್ ಇಸ್ರಾಯೆಲ್ಸ್.

ಹಾಲೆಂಡಿನ ಉತ್ತರಭಾಗದಲ್ಲಿ ಗ್ರೋನಿಂಗನ್ ಎಂಬ ಪಟ್ಟಣವಿದೆ. ಅಲ್ಲಿಯ ಯೆಹೂದಿ ಕುಟುಂಬವೊಂದರಲ್ಲಿ 1824ರ ಜನವರಿ 27ರಂದು ಯೋಸೆಫನು ಜನಿಸಿದನು. ತಂದೆ ಹಾರ್ಟೋಗ್ ಅಬ್ರಹಾಂ ಇಸ್ರಾಯೆಲ್ಸ್ ಹಣಕಾಸಿನ ದಲ್ಲಾಳಿಯಾಗಿದ್ದನು. ಮಗನು ತನ್ನ ಕಸುಬನ್ನೇ ಮುಂದುವರಿಸಬೇಕು, ವ್ಯಾಪಾರದಲ್ಲಿ ನುರಿತವನಾಗಬೇಕು ಎಂಬುದು ತಂದೆಯ ಬಯಕೆ. ಅದರಂತೆ ಹುಡುಗನು ತಂದೆಯ ಕೈಕೆಳಗೆ ಗುಮಾಸ್ತನಾಗಿ ಲೆಕ್ಕಪತ್ರಗಳ ಕೆಲಸ ಮಾಡಿದನು. ಆದರೆ ಅವನ ಮನಸ್ಸು ರೇಖೆ ಮತ್ತು ಬಣ್ಣಗಳಲ್ಲಿ ನೆಟ್ಟಿತ್ತು. ಊರಿನಲ್ಲಿದ್ದ ಸಾಧಾರಣ ಚಿತ್ರಕಾರರ ಬಳಿಗೆ ಹೋಗಿ ಆತನು ಪಾಠ ಹೇಳಿಸಿಕೊಂಡನು. ಬಹುಕಾಲ ಹಟ ಹಿಡಿದ ಮೇಲೆ ತಂದೆಯ ಮನಸ್ಸು ಕರಗಿತು. 1842ರಲ್ಲಿ, ಹದಿನೆಂಟರ ಹರೆಯದಲ್ಲಿ, ಚಿತ್ರಕಲೆಯನ್ನು ಕಲಿಯಲು ಯೋಸೆಫನು ಆಮ್‌ಸ್ಟರ್‌ಡಾಮ್ ನಗರಕ್ಕೆ ಹೊರಟನು.

ಆಮ್‌ಸ್ಟರ್‌ಡಾಮಿನಲ್ಲಿ ಯಾನ್ ಕ್ರೂಸೆಮನ್ ಎಂಬ ಹೆಸರಾಂತ ಚಿತ್ರಕಾರನು ಆತನಿಗೆ ಗುರುವಾದನು. ಅಲ್ಲಿಯ ಕಲಾಶಾಲೆಯ ರೇಖಾಚಿತ್ರದ ತರಗತಿಗಳಿಗೂ ಆತನು ಹೋಗುತ್ತಿದ್ದನು. 1845ರಲ್ಲಿ ಪ್ಯಾರಿಸಿಗೆ ತೆರಳಿ ಪಿಕೋ ಎಂಬ ಚಿತ್ರಕಾರನ ಕೈಕೆಳಗೆ ಎರಡು ವರ್ಷ ದುಡಿದನು. ಆ ಕಾಲದ ಯೂರೋಪಿನ ಕಲಾಶಾಲೆಗಳಲ್ಲಿ ಚಿತ್ರದ ವಸ್ತುಗಳಿಗೂ ಮೇಲುಕೀಳುಗಳಿದ್ದವು. ಪುರಾಣದ ಮತ್ತು ಇತಿಹಾಸದ ದೊಡ್ಡ ಘಟನೆಗಳನ್ನು ಚಿತ್ರಿಸುವವನಿಗೆ ಮೊದಲ ಮಣೆ. ಮನೆವಾರ್ತೆಯನ್ನು ಚಿತ್ರಿಸುವವನಿಗೆ ಕೆಳಗಿನ ಸಾಲು. ಹಾಲೆಂಡಿನ ಪೂರ್ವಿಕ ಚಿತ್ರಕಾರರು 17ನೆಯ ಶತಮಾನದಲ್ಲಿ ಗೃಹಜೀವನದ ಅಂದವಾದ ಚಿತ್ರಗಳನ್ನು ಬರೆದಿದ್ದರು. ಆದರೆ ಅವುಗಳಲ್ಲಿ ಬಹುಪಾಲು ಅನುಕೂಲಸ್ಥರ ಮನೆಗಳೇ ಕಾಣುತ್ತಿದ್ದವು. ಇಸ್ರಾಯೆಲ್ಸನ ಕಾಲಕ್ಕೆ ಆ ಪರಂಪರೆಯ ಕಸುವೂ ಕುಂದಿತ್ತು.

1847ರಲ್ಲಿ ಆಮ್‌ಸ್ಟರ್‌ಡಾಮಿಗೆ ಮರಳಿದ ಇಸ್ರಾಯೆಲ್ಸನು ಕಲಿತ ಪಾಠಕ್ಕೆ ತಕ್ಕಂತೆ ನಡೆದನು. ಸ್ಪೇನಿನ ಅರಸನ ದಬ್ಬಾಳಿಕೆಯನ್ನು ಎದುರಿಸಿದ ಆರೇಂಜಿನ ವಿಲಿಯಂನಂತಹ ನಾಯಕರನ್ನು ದೊಡ್ಡ ದೊಡ್ಡ ಚಿತ್ರಪಟಗಳಲ್ಲಿ ಮೂಡಿಸಿದನು. ಚಿತ್ರಗಳಲ್ಲಿ ಶ್ರಮವಿತ್ತು, ಅಭ್ಯಾಸವಿತ್ತು. ಆದರೆ ಅದೇ ಬಗೆಯ ಚಿತ್ರಗಳನ್ನು ಅಷ್ಟೇ ಚೆನ್ನಾಗಿ ಬರೆಯುವವರು ಯೂರೋಪಿನಲ್ಲಿ ನೂರಾರು ಮಂದಿ ಇದ್ದರು.

1855ರ ಸುಮಾರಿಗೆ ಇಸ್ರಾಯೆಲ್ಸನ ಆರೋಗ್ಯ ಕೆಟ್ಟಿತು. ದೇಹ ಚೇತರಿಸಿಕೊಳ್ಳಲೆಂದು ಆತನು ಜಾಂಡ್‌ವೋರ್ಟ್ ಎಂಬ ಕಡಲತೀರದ ಹಳ್ಳಿಗೆ ಹೋದನು. ಹಿಂದೆ ವಿಜಯಪುರಕ್ಕೆ ಬಂದಿದ್ದ ಹೆಡಾನ ಊರಾದ ಹಾರ್ಲೆಮ್ ಇಲ್ಲಿಗೆ ಸಮೀಪವೇ. ಜಾಂಡ್‌ವೋರ್ಟ್ ಆಗ ಮೀನುಗಾರರ ಬಡ ಹಳ್ಳಿ. ಹಡಗು ಕಟ್ಟುವ ಬಡಗಿಯೊಬ್ಬನ ಮನೆಯಲ್ಲಿ ಆತನು ತಂಗಿದನು. ಮಾಡಲು ಬೇರೆ ಕೆಲಸವಿಲ್ಲದ ರೋಗಿಯ ಕಣ್ಣುಗಳು ಆ ಮನೆಯನ್ನೂ, ನೆರೆಮನೆಗಳನ್ನೂ, ಬೀದಿಯಲ್ಲಿ ಆಡುವ ಮಕ್ಕಳನ್ನೂ ಸಾವಧಾನವಾಗಿ ನೋಡತೊಡಗಿದವು.

ಅಲ್ಲಿಯ ಬಾಳು ಕಡುಕಷ್ಟದ್ದು. ಗಂಡಸರು ದೋಣಿಗಳನ್ನು ಕಡಲಿಗೆ ನೂಕಿ ದಿನಗಟ್ಟಲೆ ದೂರ ಹೋಗುತ್ತಿದ್ದರು. ಬಂದರಿಲ್ಲದ ಆ ತೀರದಲ್ಲಿ ದೋಣಿಗಳು ಮರಳ ದಂಡೆಯಿಂದಲೇ ಹೊರಟು ಮರಳ ದಂಡೆಗೇ ಬಂದು ಸೇರಬೇಕಾಗಿತ್ತು. ಹೆಂಗಸರು ಬಲೆಗಳನ್ನು ಹೆಣೆದು, ಮೀನಿನ ಬುಟ್ಟಿಗಳನ್ನು ಹೊತ್ತು ಪಟ್ಟಣದವರೆಗೆ ನಡೆದು ಮಾರಿ ಬರುತ್ತಿದ್ದರು. ಬಿರುಗಾಳಿ ಎದ್ದ ರಾತ್ರಿ ಯಾವ ಮನೆಯಲ್ಲಿಯೂ ನಿದ್ದೆಯಿರಲಿಲ್ಲ. ಬೆಳಗಾದಾಗ ಹಿಂದಿರುಗದ ದೋಣಿಯೊಂದಿದ್ದರೆ ಹಳ್ಳಿಯ ಕೆಲವು ತೊಟ್ಟಿಲುಗಳಲ್ಲಿ ತಂದೆಯನ್ನು ಕಳೆದುಕೊಂಡ ಮಕ್ಕಳು ಮಲಗಿರುತ್ತಿದ್ದವು. ಇತಿಹಾಸದ ಪುಟಗಳಲ್ಲಿ ತಾನು ಹುಡುಕುತ್ತಿದ್ದ ಧೈರ್ಯ, ತ್ಯಾಗ, ದುಃಖ ಎಲ್ಲವೂ ಈ ಗುಡಿಸಲುಗಳಲ್ಲಿ ಸದ್ದಿಲ್ಲದೆ ನಡೆದಿರುವುದನ್ನು ಇಸ್ರಾಯೆಲ್ಸನು ಕಂಡನು. ದೇಹ ಗುಣವಾಗಲೆಂದು ಬಂದವನು ಕಲೆಯಲ್ಲಿ ಹೊಸ ದಾರಿಯನ್ನು ಹಿಡಿದು ಹಿಂದಿರುಗಿದನು.

ಹೊಸ ದಾರಿಯ ಮೊದಲ ದೊಡ್ಡ ಫಲವು 1856ರಲ್ಲಿ ಮೂಡಿಬಂದಿತು. 'ತಾಯಿಯ ಸಮಾಧಿಯ ಪಕ್ಕದಲ್ಲಿ' ಎಂಬುದು ಆ ಚಿತ್ರದ ಹೆಸರು. ಹೆಂಡತಿಯನ್ನು ಕಳೆದುಕೊಂಡ ಮೀನುಗಾರನೊಬ್ಬನು ಕೂಸನ್ನು ತೋಳಿನಲ್ಲಿ ಎತ್ತಿಕೊಂಡು, ಇನ್ನೊಂದು ಮಗುವಿನ ಕೈಹಿಡಿದು, ಆಕೆಯ ಸಮಾಧಿಯ ಬಳಿ ಹಾದುಹೋಗುತ್ತಿದ್ದಾನೆ. ಚಿತ್ರದಲ್ಲಿ ಇರುವುದು ಇಷ್ಟೇ. ಆದರೆ ಅದುವರೆಗೆ ರಾಜಮಹಾರಾಜರಿಗೆ ಮೀಸಲಾಗಿದ್ದ ಆಳೆತ್ತರದ ಚಿತ್ರಪಟದಲ್ಲಿ ಬರಿಗಾಲಿನ ಬಡ ಕುಟುಂಬವೊಂದು ನಿಂತಿತು. ಇತಿಹಾಸಪುರುಷರಿಗೆ ಸಲ್ಲುವ ಗೌರವವನ್ನು ಆತನು ಈ ಹೆಸರಿಲ್ಲದ ಜನಕ್ಕೆ ಸಲ್ಲಿಸಿದನು.

ಅನಂತರದ ವರ್ಷಗಳಲ್ಲಿ ಆತನ ಕೀರ್ತಿ ಹಬ್ಬಿತು. ಕಡಲಲ್ಲಿ ಮುಳುಗಿ ಸತ್ತ ಮೀನುಗಾರನ ಹೆಣವನ್ನು ಸಂಗಡಿಗರು ದಂಡೆಯ ಮೇಲೆ ಹೊತ್ತು ತರುವ ದೃಶ್ಯವನ್ನು ಚಿತ್ರಿಸಿದ ಪಟವು 1862ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಗೊಂಡಿತು. ಅದರ ಜೊತೆಗೆ 'ತೊಟ್ಟಿಲು' ಎಂಬ ಇನ್ನೊಂದು ಚಿತ್ರವೂ ಇತ್ತು. ಒಂದರಲ್ಲಿ ಸಾವು, ಇನ್ನೊಂದರಲ್ಲಿ ಹುಟ್ಟು. ಆ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನಮುಟ್ಟಿದ ಚಿತ್ರಗಳು ಇವೇ ಎಂದು ವಿಮರ್ಶಕರು ಮೆಚ್ಚಿದರು. ಮುಳುಗಿದ ಮೀನುಗಾರನ ಚಿತ್ರವು ಮುಂದೆ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯನ್ನು ಸೇರಿತು.

1863ರಲ್ಲಿ ಇಸ್ರಾಯೆಲ್ಸನು ಅಲೈಡಾ ಶಾಪ್ ಎಂಬಾಕೆಯನ್ನು ವಿವಾಹವಾದನು. ಅವರಿಗೆ ಮಥಿಲ್ಡೆ ಎಂಬ ಮಗಳೂ, 1865ರಲ್ಲಿ ಹುಟ್ಟಿದ ಇಸಾಕ್ ಎಂಬ ಮಗನೂ ಇದ್ದರು. ಇಸಾಕನು ಮುಂದೆ ತಂದೆಯಂತೆಯೇ ಹೆಸರುವಾಸಿಯಾದ ಚಿತ್ರಕಾರನಾದನು. 1871ರಲ್ಲಿ ಕುಟುಂಬವು ಹೇಗ್ ನಗರಕ್ಕೆ ಬಂದು ನೆಲೆಸಿತು. ಅಲ್ಲಿಗೆ ಸಮೀಪದ ಸ್ಕೇವೆನಿಂಗನ್ ಮೀನುಗಾರರ ನೆಲೆ. ತನ್ನ ಚಿತ್ರಶಾಲೆಯ ಒಂದು ಮೂಲೆಯನ್ನು ಇಸ್ರಾಯೆಲ್ಸನು ಮೀನುಗಾರನ ಗುಡಿಸಲಿನ ಒಳಭಾಗದಂತೆಯೇ ಅಣಿಗೊಳಿಸಿದ್ದನು. ಕಿಟಕಿಯ ಬೆಳಕು ಮುಖದ ಮೇಲೆ ಹೇಗೆ ಬೀಳುತ್ತದೆ, ಮಬ್ಬಿನಲ್ಲಿ ಯಾವುದು ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂಬುದನ್ನು ಆತನು ಅಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ನೋಡುತ್ತಿದ್ದನು.

ಮಕ್ಕಳ ಚಿತ್ರಗಳಲ್ಲಿ ಬಹಳ ಪ್ರಸಿದ್ಧವಾದುದು 1872ರ 'ಕಡಲ ಮಕ್ಕಳು'. ಅದು ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂ ಎಂಬ ವಸ್ತುಸಂಗ್ರಹಾಲಯದಲ್ಲಿದೆ. ತೀರದ ತಿಳಿನೀರಿನಲ್ಲಿ ಬರಿಗಾಲಿನ ಮಕ್ಕಳು ನಿಂತು ಆಟದ ದೋಣಿಯೊಂದನ್ನು ತೇಲಿಬಿಡುತ್ತಿದ್ದಾರೆ. ಹಿರಿಯ ಹುಡುಗನು ಎಳೆಯ ಮಗುವನ್ನು ಬೆನ್ನಮೇಲೆ ಹೊತ್ತಿದ್ದಾನೆ. ನೋಡಿದ ಕೂಡಲೆ ಸಂತೋಷ ಕೊಡುವ ಆಟ ಅದು. ತುಸು ನಿಂತು ನೋಡಿದರೆ ಬೇರೊಂದು ಅರ್ಥವೂ ತೆರೆದುಕೊಳ್ಳುತ್ತದೆ. ಇಂದು ಆಟದ ದೋಣಿಯನ್ನು ಬಿಟ್ಟ ಹುಡುಗನು ನಾಳೆ ನಿಜವಾದ ದೋಣಿಯನ್ನೇರಿ ಹೋಗಬೇಕಾದವನು. ತಮ್ಮನನ್ನು ಹೊತ್ತ ಬೆನ್ನು ನಾಳೆ ಇಡೀ ಮನೆಯನ್ನು ಹೊರಬೇಕಾದುದು.

ವಿಜಯಪುರ ಜಿಲ್ಲೆಯ ಮಕ್ಕಳಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೀಮಾತೀರದ ಇಂಡಿ, ಸಿಂದಗಿಗಳಲ್ಲಿಯೂ ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ ಕಡಲಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ತಂದೆತಾಯಂದಿರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಕೆಲಸ ಹುಡುಕುತ್ತ ಮಹಾರಾಷ್ಟ್ರಕ್ಕೋ ಗೋವೆಗೋ ಗುಳೆ ಹೋಗುವುದನ್ನು ಈ ಸೀಮೆ ಕಂಡಿದೆ. ಅಕ್ಕನು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುವ ನೋಟ ಇಲ್ಲಿಯೂ ಉಂಟು. ಕಡಲ ಕಡೆಗೆ ನೋಡುತ್ತ ಕಾಯುವ ಮಗುವಿಗೂ ಬಸ್ಸಿನ ದಾರಿಯನ್ನು ನೋಡುತ್ತ ಕಾಯುವ ಮಗುವಿಗೂ ಮನಸ್ಸು ಒಂದೇ.

ಇಸ್ರಾಯೆಲ್ಸನು ತೈಲವರ್ಣದಲ್ಲಿ ಮಾತ್ರವಲ್ಲದೆ ಜಲವರ್ಣದಲ್ಲಿಯೂ ಬಹುಸಂಖ್ಯೆಯ ಚಿತ್ರಗಳನ್ನು ಬರೆದನು. ಬಣ್ಣದ ಪುಡಿಯನ್ನು ಅಂಟಿನೊಡನೆ ಕಲಸಿ, ನೀರಿನಿಂದ ತೆಳ್ಳಗೆ ಮಾಡಿ, ಕಾಗದದ ಮೇಲೆ ಹಚ್ಚುವುದು ಜಲವರ್ಣದ ಕ್ರಮ. ತೈಲವರ್ಣದಲ್ಲಿ ತಪ್ಪಾದರೆ ಅದರ ಮೇಲೆಯೇ ಇನ್ನೊಂದು ಬಣ್ಣ ಬಳಿದು ಮರೆಸಬಹುದು. ಜಲವರ್ಣದಲ್ಲಿ ಅದು ಸುಲಭವಲ್ಲ. ತೆಳುಬಣ್ಣದ ಅಡಿಯಿಂದ ಕಾಗದದ ಬಿಳುಪೇ ಹೊಮ್ಮಿ ಬೆಳಕಾಗಿ ತೋರುತ್ತದೆ. ಆದುದರಿಂದ ಎಲ್ಲಿ ಬಣ್ಣ ಹಚ್ಚಬೇಕೆಂಬುದರಷ್ಟೇ ಎಲ್ಲಿ ಹಚ್ಚದೆ ಬಿಡಬೇಕೆಂಬುದೂ ಚಿತ್ರಕಾರನಿಗೆ ತಿಳಿದಿರಬೇಕು. ಇಂತಹ ಚಿತ್ರಗಳಿಗೆ ತೈಲಚಿತ್ರಗಳಷ್ಟೇ ಮನ್ನಣೆ ದೊರೆಯಬೇಕೆಂದು ಹೇಗ್ ನಗರದ ಚಿತ್ರಕಾರರು 1876ರಲ್ಲಿ ಒಂದು ಸಂಘವನ್ನೇ ಕಟ್ಟಿ ಪ್ರದರ್ಶನಗಳನ್ನು ನಡೆಸಿದರು.

ಗುಡಿಸಲಿನ ಒಳಗಿನ ಬಾಳನ್ನು ತೋರಿಸಲು ಈ ಮಾಧ್ಯಮವು ಬಹಳ ಒಪ್ಪುತ್ತಿತ್ತು. ಚಿತ್ರದ ಬಹುಭಾಗ ಬೂದು ಮತ್ತು ಕಂದು ಬಣ್ಣದ ನೆರಳು. ಒಂದೇ ಒಂದು ಕಿಟಕಿ. ಅದರಿಂದ ಬಂದ ಬೆಳಕು ತಾಯಿಯ ಬಿಳಿಯ ತಲೆವಸ್ತ್ರದ ಮೇಲೆ, ಹೊಲಿಗೆಯ ಬಟ್ಟೆಯ ಮೇಲೆ, ಮಗುವಿನ ಕೆನ್ನೆಯ ಮೇಲೆ ಬಿದ್ದಿರುತ್ತದೆ. ಮೂಲೆಯ ಪಾತ್ರೆ, ಗೋಡೆಯ ತಟ್ಟೆ, ಒಲೆ ಎಲ್ಲವೂ ಅರೆಬರೆಯಾಗಿ ಕಾಣುತ್ತವೆ. ತಾಯಿ ಮಗುವಿಗೆ ಚಮಚದಿಂದ ಉಣಿಸುವುದು, ತೊಟ್ಟಿಲ ಬದಿಯಲ್ಲಿ ಕುಳಿತು ಹೆಣೆಯುವುದು, ಹುಡುಗಿಯರು ಸಾಲಾಗಿ ಕುಳಿತು ಹೊಲಿಗೆ ಕಲಿಯುವುದು ಇವು ಆತನ ಮೆಚ್ಚಿನ ವಸ್ತುಗಳು. ಅಲ್ಲಿ ಯಾರೂ ನೋಡುಗನ ಕಡೆಗೆ ತಿರುಗಿ ನಗುವುದಿಲ್ಲ. ತಮ್ಮ ತಮ್ಮ ಕೆಲಸದಲ್ಲಿ ಮಗ್ನರಾಗಿರುವ ಅವರ ಮೌನವನ್ನು ಕದಡದಂತೆ ಚಿತ್ರಕಾರನು ದೂರದಲ್ಲಿ ನಿಂತು ನೋಡಿದ್ದಾನೆ.

ಹೇಗ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಮೆಸ್ಡಾಖ್, ಮೌವೆ, ಮಾರಿಸ್ ಸಹೋದರರು ಮುಂತಾದ ಚಿತ್ರಕಾರರ ಬಳಗಕ್ಕೆ ಇಸ್ರಾಯೆಲ್ಸನು ಹಿರಿಯನೆನಿಸಿದನು. ಮುಂದೆ ಜಗದ್ವಿಖ್ಯಾತನಾದ ವಿನ್ಸೆಂಟ್ ವಾನ್ ಗೋಗನು ತನ್ನ ಆರಂಭದ ದಿನಗಳಲ್ಲಿ ಇಸ್ರಾಯೆಲ್ಸನ ಚಿತ್ರಗಳನ್ನು ಬಹಳವಾಗಿ ಗೌರವಿಸುತ್ತಿದ್ದನು. ರೈತ ಕುಟುಂಬವೊಂದು ಮೇಜಿನ ಸುತ್ತ ಕುಳಿತು ಉಣ್ಣುವ ದೃಶ್ಯವನ್ನು ಇಸ್ರಾಯೆಲ್ಸನು 1882ರಲ್ಲಿ ಚಿತ್ರಿಸಿದ್ದನು. ವಾನ್ ಗೋಗನು ಅದನ್ನು ಕಂಡು ಮೆಚ್ಚಿದನು. ದೀಪದ ಬೆಳಕಿನಲ್ಲಿ ರೈತರು ಆಲೂಗಡ್ಡೆ ತಿನ್ನುವ ಆತನ 1885ರ ಸುಪ್ರಸಿದ್ಧ ಚಿತ್ರವು ಆ ದಾರಿಯಲ್ಲಿಯೇ ಮೂಡಿದುದು.

ಇಸ್ರಾಯೆಲ್ಸನ ಬಾಳಿನಲ್ಲಿ ಒಂದು ವಿಪರ್ಯಾಸವೂ ಇತ್ತು. ಆತನು ಚಿತ್ರಿಸಿದವರು ಬಡವರು, ಆದರೆ ಆ ಚಿತ್ರಗಳನ್ನು ಕೊಂಡವರು ಇಂಗ್ಲೆಂಡ್, ಸ್ಕಾಟ್ಲೆಂಡ್, ಅಮೆರಿಕಗಳ ಸಿರಿವಂತರು. ಚಿತ್ರಗಳು ದುಬಾರಿಯಾಗಿ ಮಾರಾಟವಾದವು. ಚಿತ್ರಕಾರನು ಸ್ಥಿತಿವಂತನಾದನು. ಮೀನುಗಾರರ ಗುಡಿಸಲುಗಳು ಗುಡಿಸಲುಗಳಾಗಿಯೇ ಉಳಿದವು. ಆತನ ಕೆಲವು ಚಿತ್ರಗಳಲ್ಲಿ ಕರುಣರಸವು ಮಿತಿಮೀರಿದೆ ಎಂದು ಮುಂದಿನ ತಲೆಮಾರಿನವರು ಆಕ್ಷೇಪಿಸಿದರು. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಚಿತ್ರವೊಂದು ಬಡತನವನ್ನು ನೀಗಿಸಲಾರದು. ಆದರೆ ಬಡವರ ಮನೆಯಲ್ಲಿಯೂ ಪೂರ್ಣವಾದ ಬದುಕಿದೆ, ಅದಕ್ಕೂ ತನ್ನದೇ ಆದ ಘನತೆಯಿದೆ ಎಂಬುದನ್ನು ಕಾಣದವರಿಗೆ ಅದು ಕಾಣಿಸಬಲ್ಲದು. ಇಸ್ರಾಯೆಲ್ಸನು ಮಾಡಿದ ಕೆಲಸ ಅದು.

ವೃದ್ಧಾಪ್ಯದಲ್ಲಿ ಆತನು ತನ್ನ ಜನಾಂಗದ ಬಾಳಿನತ್ತ ತಿರುಗಿದನು. ಹಳೆಯ ಸಾಮಾನುಗಳ ಅಂಗಡಿಯ ಮುಂದೆ ಮೌನವಾಗಿ ಕುಳಿತ ಯೆಹೂದಿ ವ್ಯಾಪಾರಿಯನ್ನು 1889ರಲ್ಲಿಯೂ, ಯೆಹೂದಿಯರ ಮದುವೆಯೊಂದನ್ನು 1903ರಲ್ಲಿಯೂ ಚಿತ್ರಿಸಿದನು. 1894ರಲ್ಲಿ ಪತ್ನಿ ಅಲೈಡಾ ತೀರಿಕೊಂಡಳು. ಎಪ್ಪತ್ತನ್ನು ದಾಟಿದ ಮೇಲೂ ಆತನ ಕುಂಚ ನಿಲ್ಲಲಿಲ್ಲ. 1900ರಲ್ಲಿ ಪ್ಯಾರಿಸಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಆತನಿಗೆ ಗೌರವ ಪದಕ ದೊರೆಯಿತು. 1911ರ ಆಗಸ್ಟ್ 12ರಂದು, ತಾನು ಹಲವು ಸಲ ಚಿತ್ರಿಸಿದ್ದ ಸ್ಕೇವೆನಿಂಗನ್ ತೀರದಲ್ಲಿಯೇ ಇಸ್ರಾಯೆಲ್ಸನು ಕೊನೆಯುಸಿರೆಳೆದನು. ಆಗ ಆತನಿಗೆ 87 ವರ್ಷ ವಯಸ್ಸಾಗಿತ್ತು.

ಗುಮಾಸ್ತನಾಗಿ ಲೆಕ್ಕ ಬರೆದ ಹುಡುಗನ ನೆನಪಿಗಾಗಿ ಗ್ರೋನಿಂಗನ್ ಪಟ್ಟಣವು 1922ರಲ್ಲಿ ಸ್ಮಾರಕವೊಂದನ್ನು ನಿಲ್ಲಿಸಿತು. ಅಲ್ಲಿರುವುದು ಸಮಾಧಿಯ ಪಕ್ಕದಲ್ಲಿ ಮಕ್ಕಳೊಡನೆ ನಡೆದುಹೋಗುತ್ತಿರುವ ಮೀನುಗಾರನ ಪ್ರತಿಮೆ. ಚಿತ್ರಕಾರನಿಗೆ ಸಲ್ಲಬೇಕಾದ ಗೌರವವು ಹೀಗೆ ಆತನು ಚಿತ್ರಿಸಿದ ಬಡ ಕುಟುಂಬಕ್ಕೂ ಸಂದಿತು.

ಹಾಲೆಂಡಿನ ಆ ಗುಡಿಸಲುಗಳು ಈಗ ಇಲ್ಲ. ಮೀನುಗಾರರ ಹಳ್ಳಿಯಾಗಿದ್ದ ಜಾಂಡ್‌ವೋರ್ಟ್ ಪ್ರವಾಸಿಗರ ವಿಹಾರತಾಣವಾಗಿದೆ. ಅಲ್ಲಿಯ ತಾಯಂದಿರ ಮತ್ತು ಮಕ್ಕಳ ಬಾಳು ಹೇಗಿತ್ತೆಂಬುದನ್ನು ತಿಳಿಯಬೇಕಾದವರು ಇಸ್ರಾಯೆಲ್ಸನ ಚಿತ್ರಗಳನ್ನೇ ನೋಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಾಳಿಗೆಮನೆಗಳೂ ಒಂದೊಂದಾಗಿ ಮರೆಯಾಗುತ್ತಿವೆ. ಅವುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಏಳುತ್ತಿವೆ. ಬೆಳಕಿಂಡಿಯ ಬಿಸಿಲುಕೋಲು, ಜಂತಿಯ ತೊಟ್ಟಿಲು, ಕೌದಿ ಹೊಲಿಯುವ ಅಜ್ಜಿ ಇನ್ನೂ ಕೆಲವು ಮನೆಗಳಲ್ಲಿ ಉಳಿದಿವೆ. ಅವನ್ನು ನೋಡಲು ದೂರದ ದೇಶದ ಚಿತ್ರಕಾರನು ಬರಬೇಕಾಗಿಲ್ಲ. ಕಾಗದ, ಬಣ್ಣದ ಪೆಟ್ಟಿಗೆ, ಒಂದು ಬಟ್ಟಲು ನೀರು ಇದ್ದರೆ ಆ ಮನೆಯಲ್ಲಿಯೇ ಬೆಳೆದ ಹುಡುಗನೋ ಹುಡುಗಿಯೋ ಆ ಕೆಲಸವನ್ನು ಆರಂಭಿಸಬಹುದು.